ಮಿನುಗದ ಕಾರ್ಡಿಗೂ ಬಹುಮಾನ ಬರಲಿ

ಮಕ್ಕಳೇ, ಶಿಕ್ಷಕರ ದಿನಾಚರಣೆಯೋ ಹೊಸ ವರ್ಷವೋ ಹತ್ತಿರ ಬಂದಾಗ ಶಾಲೆಯ ಎದುರಿನ ಅಂಗಡಿಯನ್ನು ಒಮ್ಮೆ ಗಮನಿಸಿ. ಬಾಗಿಲಲ್ಲಿ ಬಣ್ಣಬಣ್ಣದ ಮಿನುಗುಪುಡಿಯ ಪೊಟ್ಟಣಗಳು ತೂಗಾಡುತ್ತಿರುತ್ತವೆ. ಪಕ್ಕದಲ್ಲಿ ಥರ್ಮಕೋಲ್ ಗುಂಡುಗಳು, ಹೊಳೆಯುವ ಸ್ಟಿಕ್ಕರ್‌ಗಳು, ಸ್ಪಂಜಿನಂಥ ಬಣ್ಣದ ಹಾಳೆಗಳು, ಪ್ಲಾಸ್ಟಿಕ್ ರಿಬ್ಬನ್ನು. ಇವನ್ನೆಲ್ಲ ಕೊಂಡು ತಂದು, ಕತ್ತರಿಸಿ, ಅಂಟಿಸಿ ನೀವು ಒಂದು ಶುಭಾಶಯ ಪತ್ರ ಮಾಡುತ್ತೀರಿ. ಅದಕ್ಕೆ "ಕೈಯಿಂದ ಮಾಡಿದ ಕಾರ್ಡ್" ಎಂದು ಹೆಸರು. ಕೈ ನಿಮ್ಮದೇ, ನಿಜ. ಆದರೆ ಅದರಲ್ಲಿರುವ ವಸ್ತು ಯಾವುದು? ಅದು ಎಲ್ಲಿಂದ ಬಂತು? ವಾರ ಕಳೆದ ಮೇಲೆ ಎಲ್ಲಿಗೆ ಹೋಗುತ್ತದೆ? ವಿಜ್ಞಾನ ಓದುವವರು ಕೇಳಬೇಕಾದ ಪ್ರಶ್ನೆಗಳು ಇವು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆಯ ಕಾರ್ಡಿಗಾಗಲಿ, ಉಡುಗೊರೆ ಸುತ್ತುವ ಕಾಗದಕ್ಕಾಗಲಿ ಅಂಗಡಿಯಿಂದ ಏನನ್ನೂ ತರಬೇಕಾಗಿಲ್ಲ. ತಂದರೆ ಅಂದ ಹೆಚ್ಚುವುದಿಲ್ಲ, ಖರ್ಚು ಹೆಚ್ಚುತ್ತದೆ. ಅದರ ಜೊತೆಗೆ ಒಂದು ಅನ್ಯಾಯವೂ ನಡೆಯುತ್ತದೆ. ಆ ಅನ್ಯಾಯದ ಒಂದು ಉದಾಹರಣೆ ಕೇಳಿ. ಜಿಲ್ಲೆಯ ಒಂದು ಶಾಲೆಯಲ್ಲಿ ಕಾರ್ಡ್ ತಯಾರಿಕೆಯ ಸ್ಪರ್ಧೆ ನಡೆದಿತ್ತು. ಆರನೆಯ ತರಗತಿಯ ಒಬ್ಬ ಹುಡುಗಿ ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಅದ್ದಿದ ಹಳೆಯ ಹಾಳೆಗೆ ಬಾಳೆನಾರಿನಿಂದ ಹೊಲಿಗೆ ಹಾಕಿ ಕಾರ್ಡ್ ಮಾಡಿದ್ದಳು. ಬಣ್ಣ ಹೇಗೆ ತೆಗೆದೆ ಎಂದು ಕೇಳಿದರೆ ಅಳತೆ ಸಮೇತ ವಿವರಿಸಿದಳು. ಬಹುಮಾನ ಮಾತ್ರ ಅಂಗಡಿಯ ಹೃದಯ, ಅಂಗಡಿಯ ಗುಲಾಬಿ, ಅಂಗಡಿಯ ಮಿನುಗು ಅಂಟಿಸಿದ ಕಾರ್ಡಿಗೆ ಹೋಯಿತು. ಕಾರಣ? "ಇವಳದ್ದರಲ್ಲಿ ಫಿನಿಶಿಂಗ್ ಇಲ್ಲ." ನಾವು ಅಳೆದದ್ದು ಮಗುವಿನ ಕೈಕೆಲಸವನ್ನೋ, ಅಪ್ಪನ ಜೇಬನ್ನೋ? ನನಗಂತೂ ಉತ್ತರ ಸ್ಪಷ್ಟವಾಗಿಯೇ ಇದೆ.

ಈಗ ಆ ಮಿನುಗುಪುಡಿಯ ವಿಷಯಕ್ಕೆ ಬರೋಣ. ಅದು ಬಣ್ಣವಲ್ಲ. ತೆಳುವಾದ ಪ್ಲಾಸ್ಟಿಕ್ ಹಾಳೆಗೆ ಅಲ್ಯೂಮಿನಿಯಂನ ಲೇಪ ಕೊಟ್ಟು, ಅದನ್ನು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಚೂರುಗಳಾಗಿ ಕತ್ತರಿಸಿರುತ್ತಾರೆ. ಆ ಲೋಹದ ಲೇಪವೇ ಪುಟ್ಟ ಕನ್ನಡಿಯಂತೆ ಬೆಳಕನ್ನು ಪ್ರತಿಫಲಿಸುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಚೂರುಗಳನ್ನು ವಿಜ್ಞಾನಿಗಳು ಸೂಕ್ಷ್ಮ ಪ್ಲಾಸ್ಟಿಕ್ ಎನ್ನುತ್ತಾರೆ. ನಿಮ್ಮ ಕಾರ್ಡಿನಿಂದ ಉದುರಿದ ಮಿನುಗು ತರಗತಿಯ ಕಸದೊಂದಿಗೆ ಹೊರಗೆ ಬಿದ್ದು, ಮಳೆ ಬಂದಾಗ ಚರಂಡಿಗೆ, ಅಲ್ಲಿಂದ ಕೆರೆಗೆ ಸೇರುತ್ತದೆ. ಅದನ್ನು ಆರಿಸಿ ತೆಗೆಯಲು ಯಾರಿಂದಲೂ ಆಗದು. ಯುರೋಪ್ ಒಕ್ಕೂಟದ ದೇಶಗಳು 2023ರ ಅಕ್ಟೋಬರ್‌ನಿಂದ ಬಿಡಿ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟಕ್ಕೆ ತಡೆ ಹಾಕತೊಡಗಿದವು. ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮಕೋಲ್ ಇದೆ, ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಇದೆ. ಅಂದಮೇಲೆ ಕಾರ್ಡಿನ ಮೇಲೆ ಥರ್ಮಕೋಲ್ ಅಂಟಿಸಿ ಅದರ ಕೆಳಗೆ "ಪರಿಸರ ಉಳಿಸಿ" ಎಂದು ಬರೆಯುವುದು ಎಂಥ ತಮಾಷೆ, ನೀವೇ ಹೇಳಿ!

ಉಡುಗೊರೆ ಸುತ್ತುವ ಹೊಳೆಯುವ ಕಾಗದ ನಿಜವಾಗಿ ಕಾಗದವೇ? ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಒಂದು ತುಂಡನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಮುದುಡಿ, ಮುಷ್ಟಿ ಬಿಚ್ಚಿ. ಮುದುಡಿದಂತೆಯೇ ಉಳಿದರೆ ಅದು ಹೆಚ್ಚುಪಾಲು ಕಾಗದ. ತಾನಾಗಿ ಚರಚರನೆ ಬಿಚ್ಚಿಕೊಂಡರೆ ಅದು ಪ್ಲಾಸ್ಟಿಕ್. ಇನ್ನೂ ಅನುಮಾನವಿದ್ದರೆ ಹರಿದು ನೋಡಿ. ಕಾಗದದ ಅಂಚಿನಲ್ಲಿ ಸಣ್ಣ ಸಣ್ಣ ನಾರು ಕಾಣುತ್ತದೆ, ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಕಾಣುವುದಿಲ್ಲ. ಸುಟ್ಟು ಮಾತ್ರ ನೋಡಬೇಡಿ, ಆ ಹೊಗೆ ಒಳ್ಳೆಯದಲ್ಲ.

ಹಾಗಾದರೆ ಬೇರೆ ಏನಿದೆ? ನಮ್ಮ ಭಾಷೆಯನ್ನೇ ಕೇಳೋಣ. ಕಾಗದದ ಹಾಳೆ ಎನ್ನುತ್ತೇವಲ್ಲ, ಮಲೆನಾಡಿನ ಮಕ್ಕಳಿಗೆ ಹಾಳೆ ಎಂದರೆ ಅಡಿಕೆ ಮರದಿಂದ ಬೀಳುವ ಹಾಳೆಯೂ ಹೌದು. ಮದುವೆಯ ಕರೆಯೋಲೆ ಎನ್ನುತ್ತೇವೆ. ಓಲೆ ಎಂದರೆ ತಾಳೆಯ ಗರಿ. ಒಂದು ಕಾಲದಲ್ಲಿ ಅದರ ಮೇಲೆಯೇ ಬರೆದು ಕಳುಹಿಸುತ್ತಿದ್ದರು. ಇನ್ನೊಂದು ಪದ ಕಡತ. ಇಂದು ಕಡತ ಎಂದರೆ ಕಚೇರಿಯ ಫೈಲು. ಆದರೆ ಹಿಂದೆ ಅದು ಬಟ್ಟೆಯಿಂದ ಮಾಡಿದ ಪುಸ್ತಕ. ನೀವು ಮಾಡಬಹುದಾದ ಅತಿ ಚೆಂದದ ಕಾರ್ಡು ಅದೇ ಎಂದು ನನಗನ್ನಿಸುತ್ತದೆ. ಹೀಗಾಗಿ ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೂರಿನ್ನೂರು ವರ್ಷಗಳ ಹಿಂದೆ ಕರ್ನಾಟಕದ ವ್ಯಾಪಾರಿಗಳು, ಶಾನುಭೋಗರು, ಮಠದವರು ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆದಿಡುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಉಳಿದು ಬಂದಿವೆ. ಹತ್ತಿಯ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬೆರೆಸಿ ಬಳಿಯುತ್ತಿದ್ದರು. ಒಣಗಿದಾಗ ಬಟ್ಟೆ ಬಿರುಸಾಗಿ, ಕಪ್ಪಾಗಿ, ಹಲಗೆಯಂತೆ ಆಗುತ್ತಿತ್ತು. ಅದನ್ನು ಒಂದು ಮಡಿಕೆ ಆ ಕಡೆಗೆ, ಒಂದು ಮಡಿಕೆ ಈ ಕಡೆಗೆ ಮಡಚಿ ಪುಸ್ತಕದಂತೆ ಇಡುತ್ತಿದ್ದರು. ಬರೆಯುವುದು ಬಳಪದಿಂದ. ಅಕ್ಷರ ಅಳಿಸಿ ಮತ್ತೆ ಬರೆಯಬಹುದಿತ್ತು. ಅಂದರೆ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳಬಹುದಾದ ಸ್ಲೇಟು!

ನೀವು ಮಾಡುವುದಾದರೆ ಹೀಗೆ. ಒಂದು ಹಿಡಿ ಹುಣಸೆಬೀಜ ಹುರಿದು, ಸಿಪ್ಪೆ ಬಿಡಿಸಿ, ರಾತ್ರಿ ನೆನೆಹಾಕಿ. ಬೆಳಿಗ್ಗೆ ನುಣ್ಣಗೆ ಅರೆದು, ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಿದರೆ ಗಂಜಿಯಂತೆ ಗಟ್ಟಿಯಾಗುತ್ತದೆ. ಒಲೆಯ ಕೆಲಸಕ್ಕೆ ಅಮ್ಮನೋ ಅಜ್ಜಿಯೋ ಜೊತೆಗಿರಲಿ. ಆರಿದ ಮೇಲೆ ನುಣ್ಣನೆಯ ಇದ್ದಿಲ ಪುಡಿ ಬೆರೆಸಿ. ಹಳೆಯ ಪಂಚೆಯ ತುಂಡಿಗೆ ಎರಡೂ ಬದಿ ಬಳಿದು ಒಣಗಿಸಿ, ಇನ್ನೊಂದು ಸಲ ಬಳಿಯಿರಿ. ನಯವಾದ ಕಲ್ಲಿನಿಂದ ಉಜ್ಜಿದರೆ ಮೈ ನುಣುಪಾಗುತ್ತದೆ. ಹುಣಸೆಬೀಜದಲ್ಲಿರುವ ಅಂಟಿನ ಪದಾರ್ಥವೂ ಬಟ್ಟೆಯ ಸೆಲ್ಯುಲೋಸ್ ನಾರೂ ರಾಸಾಯನಿಕವಾಗಿ ಹತ್ತಿರದ ನೆಂಟರು. ಹಾಗಾಗಿ ಒಂದಕ್ಕೊಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಹುಣಸೆಬೀಜದ ಪುಡಿ ಬಳಸುವುದುಂಟು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಮಾಡುವವರಿಗೂ ಈ ಅಂಟು ಚೆನ್ನಾಗಿ ಗೊತ್ತು. ನಿಮ್ಮ ಕಪ್ಪು ಕಡತದ ಮೇಲೆ ಬಿಳಿ ಬಳಪದಿಂದ ಶುಭಾಶಯ ಬರೆದು ಕೊಡಿ. ಪಡೆದವರು ಅದನ್ನು ಒರೆಸಿ, ಮುಂದಿನ ವರ್ಷ ನಿಮಗೇ ಬರೆದು ಕೊಡಬಹುದು. ಯಾವ ಅಂಗಡಿಯ ಕಾರ್ಡಿಗೆ ಈ ಭಾಗ್ಯವಿದೆ?

ಬಟ್ಟೆ ಬೇಡ, ಕಾಗದವೇ ಬೇಕು ಎನ್ನುವವರು ಕಾಗದವನ್ನೇ ತಯಾರಿಸಬಹುದು. ಕ್ರಿ.ಶ. 105ರಲ್ಲಿ ಚೀನಾದ ತ್ಸಾಯ್ ಲುನ್ ಎಂಬ ಅಧಿಕಾರಿ ಮರದ ತೊಗಟೆ, ಸೆಣಬು, ಚಿಂದಿ ಬಟ್ಟೆ, ಹಳೆಯ ಮೀನುಬಲೆಗಳಿಂದ ಕಾಗದ ಮಾಡುವ ವಿಧಾನವನ್ನು ಚಕ್ರವರ್ತಿಗೆ ತೋರಿಸಿದನೆಂದು ಅಲ್ಲಿನ ಇತಿಹಾಸ ಹೇಳುತ್ತದೆ. ನೋಡಿ, ಎಲ್ಲವೂ ಮನೆಯ ಹಿತ್ತಲಿನ ಸಾಮಾನು. ಬರೆದು ತುಂಬಿದ ನೋಟ್‌ಬುಕ್ಕಿನ ಹತ್ತು ಹಾಳೆಗಳನ್ನು ಅಂಚೆಚೀಟಿಯಷ್ಟು ಸಣ್ಣಗೆ ಹರಿದು ರಾತ್ರಿ ನೀರಿನಲ್ಲಿ ನೆನೆಹಾಕಿ. ಮರುದಿನ ಒರಳಿನಲ್ಲಿ ರುಬ್ಬಿ, ಅಗಲವಾದ ಟಬ್ಬಿನಲ್ಲಿ ನೀರಿಗೆ ಕದಡಿ. ಹಿಟ್ಟಿನ ಜರಡಿಯನ್ನು ಅದರಲ್ಲಿ ಮುಳುಗಿಸಿ, ಅಲುಗದಂತೆ ಮಟ್ಟಸವಾಗಿ ಮೇಲೆತ್ತಿ. ನೀರು ಇಳಿದುಹೋಗಿ ತೆಳುವಾದ ಪದರ ಉಳಿಯುತ್ತದೆ. ಅದನ್ನು ಒದ್ದೆ ಬಟ್ಟೆಯ ಮೇಲೆ ಬೋರಲು ಹಾಕಿ, ಮೇಲೆ ಇನ್ನೊಂದು ಬಟ್ಟೆ ಇಟ್ಟು, ಹಲಗೆ ಮತ್ತು ಕಲ್ಲು ಹೇರಿ ನೀರು ಹಿಂಡಿ, ನಂತರ ಬಿಸಿಲಿಗೆ ಹಾಕಿ. ಅಂಚೆ ಕಾರ್ಡಿನಷ್ಟು ದೊಡ್ಡ, ದಪ್ಪನೆಯ ನಾಲ್ಕೈದು ಹಾಳೆ ಸಿಗುತ್ತವೆ. ಗುಂಡು ಜರಡಿಯಾದರೆ ಕಾರ್ಡೂ ಗುಂಡಗೆ ಬರುತ್ತದೆ, ಬೇಸರ ಬೇಡ. ಉಳಿದ ಕಾಗದದ ರಾಡಿಯನ್ನು ಬಚ್ಚಲಿಗೆ ಸುರಿಯಬೇಡಿ, ನಾರು ಕಟ್ಟಿಕೊಳ್ಳುತ್ತದೆ.

ಅಂಟೇ ಹಾಕಲಿಲ್ಲ, ಆದರೂ ಕಾಗದ ಹೇಗೆ ಹಿಡಿದು ನಿಂತಿತು? ಇದು ನನಗೆ ಎಷ್ಟು ಸಲ ನೋಡಿದರೂ ಸೋಜಿಗ. ಕಾಗದವೆಂದರೆ ಸೆಲ್ಯುಲೋಸ್ ಎಂಬ ವಸ್ತುವಿನ ನಾರುಗಳ ಹೆಣಿಗೆ. ಒದ್ದೆಯಾಗಿದ್ದಾಗ ನಾರುಗಳ ನಡುವೆ ನೀರು ಇರುತ್ತದೆ. ಒಣಗುತ್ತ ಹೋದಂತೆ ನೀರು ನಾರುಗಳನ್ನು ಹತ್ತಿರ ಹತ್ತಿರಕ್ಕೆ ಎಳೆಯುತ್ತದೆ. ಕೊನೆಗೆ ನೀರು ಹೋದ ಮೇಲೆ ನಾರುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಆ ಹಿಡಿತಕ್ಕೆ ಹೈಡ್ರೋಜನ್ ಬಂಧ ಎಂದು ಹೆಸರು. ದೊಡ್ಡ ತರಗತಿಗಳಲ್ಲಿ ಓದುತ್ತೀರಿ. ಮತ್ತೆ ನೀರಿಗೆ ಹಾಕಿದರೆ ಹಿಡಿತ ಸಡಿಲ. ಪ್ರತಿ ಸಲ ಅರೆದಾಗಲೂ ನಾರು ತುಂಡಾಗಿ ಮೋಟಾಗುವುದರಿಂದ ಕಾಗದವನ್ನು ಎಷ್ಟು ಸಲವಾದರೂ ಮತ್ತೆ ಕಾಗದ ಮಾಡಲಾಗದು. ನಿಮ್ಮ ಹಾಳೆ ಪುಡಿಪುಡಿಯಾದರೆ ಉದ್ದ ನಾರು ಬೇಕು ಎಂದರ್ಥ. ಬಾಳೆನಾರನ್ನೋ ಹತ್ತಿಬಟ್ಟೆಯ ಎಳೆಗಳನ್ನೋ ಸಣ್ಣಗೆ ಕತ್ತರಿಸಿ ಸೇರಿಸಿ. ಹತ್ತಿಯ ನಾರು ಎಷ್ಟು ಗಟ್ಟಿ ಎಂಬುದಕ್ಕೆ ಸಾಕ್ಷಿ ನಿಮ್ಮ ಜೇಬಿನಲ್ಲಿರುವ ಹತ್ತು ರೂಪಾಯಿ ನೋಟು. ನಮ್ಮ ದೇಶದ ನೋಟುಗಳ ಕಾಗದ ಮಾಡುವುದು ಹತ್ತಿಯಿಂದ, ಮರದಿಂದಲ್ಲ. ಮೈಸೂರಿನಲ್ಲಿ ಅದಕ್ಕೆಂದೇ ಒಂದು ಕಾರ್ಖಾನೆ ಇದೆ.

ಈ ಕಾಗದದ ಮೇಲೆ ಶಾಯಿ ಪೆನ್ನಿನಿಂದ ಬರೆದರೆ ಅಕ್ಷರ ಹರಡಿಕೊಳ್ಳುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆಯುವಂತೆ ನಾರುಗಳ ಸಂದುಗಳು ಶಾಯಿಯನ್ನು ಎಳೆದುಕೊಳ್ಳುತ್ತವೆ. ಅನ್ನದ ತೆಳು ಗಂಜಿ ಬಳಿದು ಒಣಗಿಸಿ, ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿದರೆ ಸಂದುಗಳು ಮುಚ್ಚುತ್ತವೆ. ನಮ್ಮ ದೇಶದ ಹಳೆಯ ಕಾಗದಗಾರರು ಮಾಡುತ್ತಿದ್ದದ್ದೂ ಇದನ್ನೇ. ಅವರು ನಯವಾದ ಕಲ್ಲಿನಿಂದ ಉಜ್ಜುತ್ತಿದ್ದರು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. "ನಾವು ಕಾಗದ ಮಾಡಿ ಮರ ಉಳಿಸಿದೆವು" ಎಂದು ಚಾರ್ಟಿನ ಮೇಲೆ ಬರೆಯಬೇಡಿ. ನಿಮ್ಮ ಹಳೆಯ ನೋಟ್‌ಬುಕ್ಕನ್ನು ರದ್ದಿಯವನಿಗೆ ಕೊಟ್ಟಿದ್ದರೂ ಅದು ಕಾರ್ಖಾನೆಗೆ ಹೋಗಿ ಮತ್ತೆ ಕಾಗದವೋ ರಟ್ಟೋ ಆಗುತ್ತಿತ್ತು. ನಾಲ್ಕು ಕಾರ್ಡಿನಿಂದ ಕಾಡು ಉಳಿಯದು. ಕೆಲವು ಕಡೆ ಇನ್ನೂ ವಿಚಿತ್ರ ನಡೆಯುತ್ತದೆ. ಸ್ಪರ್ಧೆಗೆ ಬೆಳ್ಳನೆಯ ಕಾಗದ ಬರಲೆಂದು ಹೊಸ ನೋಟ್‌ಬುಕ್ಕಿನ ಖಾಲಿ ಹಾಳೆಗಳನ್ನೇ ಹರಿದು ನೆನೆಹಾಕುತ್ತಾರೆ! ನಿಮ್ಮ ಹಾಳೆಯಲ್ಲಿ ಹಳೆಯ ಅಕ್ಷರದ ನೀಲಿ ಚುಕ್ಕೆ ಕಂಡರೆ ಅದೇ ಅದರ ಗೌರವ. ಮನೆಯಲ್ಲಿ ಕಾಗದ ಮಾಡುವುದರಿಂದ ಆಗುವ ಲಾಭ ಬೇರೆಯದು. ಕೈಯಲ್ಲಿ ಹಿಡಿದ ವಸ್ತು ಒಳಗೆ ಹೇಗಿದೆ ಎಂದು ನಿಮಗೆ ಗೊತ್ತಾಗುತ್ತದೆ.

ಬಣ್ಣಕ್ಕೆ ಈರುಳ್ಳಿ ಸಿಪ್ಪೆ ಕುದಿಸಿದ ನೀರು ಹೊಂಬಣ್ಣ ಕೊಡುತ್ತದೆ, ಚಹಾದ ಡಿಕಾಕ್ಷನ್ ಕಂದು ಬಣ್ಣ ಕೊಡುತ್ತದೆ. ಬೀಟ್‌ರೂಟ್ ಮೊದಲ ದಿನ ಬಹಳ ಚೆನ್ನ, ಆಮೇಲೆ ಮಂಕಾಗುತ್ತದೆ. ಅದನ್ನು ಪಲ್ಯಕ್ಕೇ ಬಿಡುವುದು ಮೇಲು. ಅರಿಶಿನವೂ ಬಿಸಿಲಿಗೆ ಮಾಸುತ್ತದೆ, ಅದಕ್ಕೇ ಬಣ್ಣ ಹಾಕಿದ ಹಾಳೆಯನ್ನು ನೆರಳಿನಲ್ಲಿ ಒಣಗಿಸಿ. ಆದರೆ ಅರಿಶಿನಕ್ಕೆ ಇನ್ನೊಂದು ಗುಣವಿದೆ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬೆರೆಸಿದಾಗ ಕೆಂಪು ಓಕುಳಿ ಆಗುವುದನ್ನು ನೋಡಿದ್ದೀರಲ್ಲ? ಅರಿಶಿನದ ಕರ್ಕ್ಯುಮಿನ್ ಎಂಬ ವಸ್ತು ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ. ಇದನ್ನು ಕಾರ್ಡಿಗೆ ಬಳಸಿ. ಬಿಳಿ ಹಾಳೆಯ ಮೇಲೆ ಬಟ್ಟೆ ಸೋಪಿನ ಗಟ್ಟಿ ನೀರಿನಲ್ಲಿ ಕಡ್ಡಿ ಅದ್ದಿ ಗೆಳತಿಯ ಹೆಸರು ಬರೆದು ಒಣಗಿಸಿ. ಏನೂ ಕಾಣುವುದಿಲ್ಲ. ಜೊತೆಗೆ ಒಂದು ಚಿಟಿಕೆ ಅರಿಶಿನದ ಪೊಟ್ಟಣ ಇಟ್ಟು "ನೀರಿಗೆ ಕದಡಿ ಮೇಲೆ ಬಳಿ" ಎಂದು ಬರೆದು ಕೊಡಿ. ಹಳದಿಯ ನಡುವೆ ಕೆಂಪಾಗಿ ಹೆಸರು ಮೂಡಿದಾಗ ಅವಳ ಮುಖ ನೋಡಿ. ಮದುವೆ ಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚುವ ನಾಡು ನಮ್ಮದು, ನಮ್ಮ ಕಾರ್ಡಿಗೆ ಇದಕ್ಕಿಂತ ಒಳ್ಳೆಯ ಬಣ್ಣ ಎಲ್ಲಿಂದ ತರೋಣ?

ಅಂಟಿಸಲು ಅನ್ನದ ಅಗುಳು ಸಾಕು. ಹೆಚ್ಚು ಬೇಕಾದರೆ ಒಂದು ಚಮಚ ಮೈದಾಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಕಾಯಿಸಿ. ಬಿಸಿಗೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಹುಳು ತಿನ್ನದಿರಲೆಂದು ಪುಸ್ತಕ ಕಟ್ಟುವವರು ಇದಕ್ಕೆ ಮೈಲುತುತ್ತ ಹಾಕುವುದುಂಟು. ಅದು ವಿಷ. ನೀವು ಮುಟ್ಟಲೇಬೇಡಿ, ಬೇಕಾದಷ್ಟೇ ಅಂಟು ಮಾಡಿಕೊಂಡು ಅಂದೇ ಮುಗಿಸಿ.

ಉಡುಗೊರೆ ಸುತ್ತುವುದು ಇನ್ನೂ ಸುಲಭ. ಹಳೆಯ ಕ್ಯಾಲೆಂಡರಿನ ದೊಡ್ಡ ಹಾಳೆಯನ್ನು ತಿರುವಿ ಹಾಕಿದರೆ ಬಿಳಿ ಬದಿ ಸಿಗುತ್ತದೆ. ಬೆಂಡೆಕಾಯಿಯ ತುದಿ ಕತ್ತರಿಸಿ, ಡಿಕಾಕ್ಷನ್‌ನಲ್ಲಿ ಅದ್ದಿ ಒತ್ತಿದರೆ ನಕ್ಷತ್ರದಂಥ ಹೂಗಳು. ಪುಸ್ತಕ, ಪೆನ್ಸಿಲ್‌ಗಳಿಗೆ ಸುದ್ದಿಪತ್ರಿಕೆ ಆದೀತು. ತಿಂಡಿಗೆ ಮಾತ್ರ ಬೇಡ; ಮುದ್ರಣದ ಶಾಯಿ ಆಹಾರಕ್ಕೆ ಹತ್ತುತ್ತದೆ. ತಿಂಡಿಗೆ ಬಾಳೆಎಲೆ, ಮುತ್ತುಗದ ಎಲೆ ಇವೆಯಲ್ಲ. ಕಟ್ಟಲು ರಿಬ್ಬನ್ನಿನ ಬದಲು ಬಾಳೆನಾರು. ಕಟ್ಟುವ ಮೊದಲು ನೀರಿನಲ್ಲಿ ನೆನೆಸಿ, ಮೆತ್ತಗಾಗುತ್ತದೆ. ಹೂ ಕಟ್ಟುವವರನ್ನು ಕೇಳಿದರೆ ಗಂಟು ಹಾಕುವುದನ್ನೂ ಹೇಳಿಕೊಡುತ್ತಾರೆ. ಗೌರಿಹಬ್ಬದ ಬಾಗಿನ ನೆನಪಿಸಿಕೊಳ್ಳಿ. ಒಂದು ಮೊರದಲ್ಲಿ ಉಡುಗೊರೆ, ಮೇಲೆ ಇನ್ನೊಂದು ಮೊರ ಮುಚ್ಚಳ. ಪಡೆದವರು ಆ ಮೊರದಲ್ಲಿ ವರ್ಷಗಟ್ಟಲೆ ಅಕ್ಕಿ ಕೇರುತ್ತಾರೆ. ಹರಿದು ಬಿಸಾಡುವ ಹೊದಿಕೆ ಎಲ್ಲಿ, ಇದೆಲ್ಲಿ!

"ಸರ್, ಇಂಥ ಕಾರ್ಡ್ ಕೊಟ್ಟರೆ ನಗುತ್ತಾರೆ" ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆ ಭಯ ಸುಳ್ಳಲ್ಲ. ಮಿನುಗಿಗೆ ಬಹುಮಾನ ಕೊಡುತ್ತ ಬಂದ ನಾವು ಶಿಕ್ಷಕರೇ ಅದನ್ನು ಬೆಳೆಸಿದ್ದೇವೆ. ಆದ್ದರಿಂದ ಈ ಪುಟವನ್ನು ನಿಮ್ಮ ಮೇಷ್ಟ್ರಿಗೂ ಮಿಸ್‌ಗೂ ಓದಿ ಹೇಳಿ. ಈ ಸಲದ ಸ್ಪರ್ಧೆಗೆ ಒಂದೇ ನಿಯಮ ಹಾಕಲಿ: ಯಾವ ವಸ್ತುವನ್ನೂ ಕೊಂಡು ತರುವಂತಿಲ್ಲ. ಕಾರ್ಡಿನ ಹಿಂಬದಿಯಲ್ಲಿ ಬಳಸಿದ ವಸ್ತುಗಳ ಹೆಸರು, ಅವು ಸಿಕ್ಕ ಜಾಗ, ಎಸೆದರೆ ಅವು ಏನಾಗುತ್ತವೆ ಎಂದು ಬರೆಯಬೇಕು. ಅರ್ಧ ಅಂಕ ಅದಕ್ಕೆ. ಆಗ ಈರುಳ್ಳಿ ಸಿಪ್ಪೆಯ ಹುಡುಗಿಗೂ ಎಲ್ಲರ ಸಮಕ್ಕೆ ನಿಲ್ಲಲು ಜಾಗ ಸಿಗುತ್ತದೆ.

ಕೊನೆಗೊಂದು ಅಲಂಕಾರ, ಇದಕ್ಕೆ ತಾಳ್ಮೆ ಬೇಕು. ಬಲಿತ ಅರಳಿ ಎಲೆಗಳನ್ನು ಹಳೆಯ ಮಡಕೆಯ ನೀರಿನಲ್ಲಿ ಮುಳುಗಿಸಿಡಿ. ಮೂರು ನಾಲ್ಕು ವಾರಗಳಲ್ಲಿ ಬ್ಯಾಕ್ಟೀರಿಯಾಗಳು ಎಲೆಯ ಮೆತ್ತನೆಯ ಭಾಗವನ್ನು ತಿಂದು ಕೊಳೆಸುತ್ತವೆ. ನಾಳಗಳು ಗಟ್ಟಿಯಾದ್ದರಿಂದ ಅಷ್ಟು ಬೇಗ ಕೊಳೆಯುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತೊಳೆದರೆ ಬಲೆಯಂಥ ಎಲೆ ಉಳಿಯುತ್ತದೆ. ಪುಸ್ತಕದ ನಡುವೆ ಒಣಗಿಸಿ ಕಪ್ಪು ಕಡತದ ಮೇಲೆ ಅಂಟಿಸಿದರೆ, ನೀರು ಎಲೆಯ ತುದಿಯವರೆಗೆ ಹೋಗುವ ದಾರಿಯೆಲ್ಲ ಕಾಣುತ್ತದೆ. ಸೆಪ್ಟೆಂಬರ್ 5ಕ್ಕೆ ಬೇಕಾದರೆ ಆಗಸ್ಟ್ ಮೊದಲ ವಾರದಲ್ಲೇ ಎಲೆ ನೀರಿಗೆ ಬೀಳಬೇಕು. ಸೊಳ್ಳೆ ಮೊಟ್ಟೆ ಇಡದಂತೆ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿ. ಮಡಕೆಯನ್ನು ಹಿತ್ತಲಿನಲ್ಲೇ ಇಡಿ. ಆ ವಾಸನೆಗೆ ಮನೆಯವರು ನಿಮ್ಮನ್ನು ಬಿಟ್ಟು ನನ್ನನ್ನು ಬೈಯುತ್ತಾರೆ.